ಪರದೇಶದಲ್ಲಿ ಅಂಗಡಿ: ಫಲಕದ ಮೇಲೆ ಯಾರ ಹೆಸರು?

ಹಿರಿಯೂರಿನ ಸಮೀಪದ ಬಬ್ಬೂರಿನ ಹೆಸರು ಕೇಳಿದೊಡನೆ ರೈತರಿಗೆ ಅಲ್ಲಿನ ಕೃಷಿ ಸಂಶೋಧನಾ ಕೇಂದ್ರವಾದ ಬಬ್ಬೂರು ಫಾರಂ ನೆನಪಿಗೆ ಬರುತ್ತದೆ. ವಾಣಿವಿಲಾಸ ಸಾಗರವನ್ನೂ ಕೊಳವೆಬಾವಿಗಳನ್ನೂ ನೆಚ್ಚಿಕೊಂಡಿರುವ ಈ ಬಯಲುಸೀಮೆಯಲ್ಲಿ ದಾಳಿಂಬೆ ತೋಟಗಳು ಎದ್ದಿವೆ. ಹಣ್ಣಿಗೆ ಕೊಲ್ಲಿ ರಾಷ್ಟ್ರಗಳಲ್ಲಿ ಬೇಡಿಕೆಯೂ ಇದೆ. ಹೀಗಿರುವಾಗ, ಗಲ್ಫಿನಲ್ಲಿ ನೌಕರಿಗಿರುವ ಮಗ ಊರಿನ ಹಣ್ಣನ್ನು ತರಿಸಿಕೊಂಡು ಅಲ್ಲಿಯೇ ಒಂದು ಮಳಿಗೆ ತೆರೆದರೆ ಹೇಗೆ ಎಂಬ ಆಲೋಚನೆ ಮನೆಯವರಿಗೆ ಬರುವುದು ಸಹಜ. ಜಮೀನಿನ ಪತ್ರ ಅಡವಿಡುವ, ತಾಯಿಯ ಒಡವೆ ಮಾರುವ ಮಾತೂ ಅದರ ಬೆನ್ನಿಗೇ ಬರುತ್ತದೆ. ಇಂಥ ಸಾಹಸವನ್ನು ನಾವು ಹಳಿಯುವವರಲ್ಲ. ಆದರೆ ಹಣ ಮನೆಯಿಂದ ಹೊರಡುವ ಮುನ್ನ ಒಂದು ಪ್ರಶ್ನೆಯನ್ನು ಕೇಳಲೇಬೇಕು: ಆ ಮಳಿಗೆ ಕಾನೂನಿನ ದೃಷ್ಟಿಯಲ್ಲಿ ಯಾರದು?

ಕನ್ನಡದಲ್ಲಿ ಪರದೇಶಿ ಎಂಬ ಶಬ್ದಕ್ಕೆ ಎರಡರ್ಥಗಳಿವೆ. ಬೇರೆ ದೇಶದವನು ಎಂಬುದೊಂದು, ದಿಕ್ಕಿಲ್ಲದವನು ಎಂಬುದು ಇನ್ನೊಂದು. ಗುರುಮಠದಲ್ಲಿ ತತ್ವಶಾಸ್ತ್ರ ಓದಿದವರಿಗೆ ಶಬ್ದಗಳನ್ನು ಸೀಳಿ ನೋಡುವ ಚಟ ಬಿಡದು. ಆದರೂ ಮೊದಲನೆಯ ಅರ್ಥವು ಎರಡನೆಯದಕ್ಕೆ ಜಾರಲು ಎಷ್ಟು ದಿನ ಬೇಕು ಎಂಬುದನ್ನು ಚರಿತ್ರೆ ತೋರಿಸಿದೆ. ಅದನ್ನು ಕಾಣಲು ಮೊದಲು ನಮ್ಮ ಕರಾವಳಿಗೇ ಹೋಗಬೇಕು. ಅಲ್ಲಿ ಪರದೇಶಿಗಳಾಗಿ ಬಂದು ಉದ್ಯಮ ಕಟ್ಟಿದವರು ಯೂರೋಪಿನವರು.

ಸ್ವಿಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಷನ್ನಿನ ಮೊದಲ ಮೂವರು ಮಿಷನರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರು ನಮ್ಮ ಸಭೆಯವರಲ್ಲ, ಪ್ರೊಟೆಸ್ಟೆಂಟರು. ಕಲಿಯುವುದಕ್ಕೆ ಅದೇನೂ ಅಡ್ಡಿಯಲ್ಲ. ಮತಾಂತರ ಹೊಂದಿ ಮನೆ, ಕುಲ, ಕಸುಬು ಮೂರನ್ನೂ ಕಳೆದುಕೊಂಡವರಿಗೆ ಅನ್ನದ ದಾರಿ ತೋರಿಸಬೇಕಾಗಿತ್ತು. ಅದಕ್ಕಾಗಿ ನೇಯ್ಗೆ ಬಂತು, ಮುದ್ರಣಾಲಯ ಬಂತು. 1859ರಲ್ಲಿ ಬಾಸೆಲ್ಲಿನಲ್ಲಿ ಷೇರು ಬಂಡವಾಳದ ವ್ಯಾಪಾರ ಕಂಪನಿಯೊಂದೂ ಹುಟ್ಟಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಹೊಳೆಯ ಬದಿಯ ಜೇಡಿಮಣ್ಣು, ಘಟ್ಟದ ಸೌದೆ, ಎದುರಿಗೇ ಸಮುದ್ರ. ಮಂಗಳೂರು ಹೆಂಚು ಹಡಗೇರಿ ಏಡನ್, ಪೂರ್ವ ಆಫ್ರಿಕಾ, ಆಸ್ಟ್ರೇಲಿಯದವರೆಗೆ ಹೋಯಿತು. ಮಳೆಗಾಲದಲ್ಲಿ ಹಳೆಯ ಬಂದರು ಮುಚ್ಚಿದಾಗ ಮಾತ್ರ ಸರಕು ಕಾಯಬೇಕಾಗುತ್ತಿತ್ತು. ಕೆಲಸ ಕಂಡು ಕಲಿತ ಊರಿನವರೂ ಹಿಂದುಳಿಯಲಿಲ್ಲ. ಮಂಗಳೂರಿನ ಕಥೋಲಿಕರಾದ ಅಲ್ಬುಕರ್ಕ್ ಮನೆತನದ ಹೆಂಚಿನ ಉದ್ಯಮ 1868ರಷ್ಟು ಹಳೆಯದು.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ಮಿಷನ್ನಿನ ಮೂಲ ತಟಸ್ಥ ಸ್ವಿಜರ್ಲೆಂಡ್, ಕಂಪನಿಯೂ ಅಲ್ಲಿಯದೇ. ಆದರೆ ಇಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಅನೇಕರು ಜರ್ಮನರು. ಬ್ರಿಟಿಷ್ ಸರ್ಕಾರಕ್ಕೆ ಅಷ್ಟೇ ಸಾಕಾಯಿತು. ಜರ್ಮನರನ್ನು ಶಿಬಿರಗಳಲ್ಲಿ ಇರಿಸಿ ಬಳಿಕ ದೇಶದಿಂದ ಹೊರಗೆ ಕಳುಹಿಸಲಾಯಿತು. ಕಾರ್ಖಾನೆಗಳು ಕೈತಪ್ಪಿ, 1919ರಲ್ಲಿ ಸ್ಥಾಪಿತವಾದ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಅರ್ಧ ಶತಮಾನದಿಂದ ಹೆಂಚು ಸುಟ್ಟು, ಸಾವಿರಾರು ಜನರಿಗೆ ಅನ್ನ ಕೊಟ್ಟವರಿಗೂ ಅಂದು ದಿಕ್ಕಿರಲಿಲ್ಲ.

ಅದು ಇಲ್ಲಿಗೆ ಬಂದವರ ಕಥೆ. ಇಲ್ಲಿಂದ ಹೋದವರ ಕಥೆಗೆ 1990 ಸಾಕು. ಆ ವರ್ಷ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತನ್ನು ಹೊಕ್ಕಿತು. ಅಲ್ಲಿಂದ 1,70,000ಕ್ಕೂ ಮಿಗಿಲಾದ ಭಾರತೀಯರು ಬಹುಪಾಲು ಜೋರ್ಡಾನಿನ ಅಮ್ಮಾನ್ ಮಾರ್ಗವಾಗಿ ವಿಮಾನಗಳಲ್ಲಿ ತಾಯ್ನಾಡು ಸೇರಿದರು. ನೌಕರಿಯವರು ಸಂಬಳ ಕಳೆದುಕೊಂಡರು; ಅಂಗಡಿ, ಹೋಟೆಲು, ಗ್ಯಾರೇಜು ಇಟ್ಟಿದ್ದವರು ಬದುಕನ್ನೇ ಬಿಟ್ಟು ಬಂದರು. ಈ ನಷ್ಟ ತುಂಬಿಕೊಡಲು ವಿಶ್ವಸಂಸ್ಥೆಯು 1991ರಲ್ಲಿ ಜಿನೀವಾದಲ್ಲಿ ಪರಿಹಾರ ಆಯೋಗವನ್ನು ರಚಿಸಿತು. 2022ರಲ್ಲಿ ಕೊನೆಯ ಕಂತು ಪಾವತಿಯಾಗುವ ಹೊತ್ತಿಗೆ ಅದು ಕೊಟ್ಟ ಒಟ್ಟು ಮೊತ್ತ ಸುಮಾರು 5,240 ಕೋಟಿ ಡಾಲರ್. ದೇಶ ಬಿಟ್ಟು ಹೊರಟದ್ದಕ್ಕೆ ವ್ಯಕ್ತಿಗಳಿಗೆ ನಿಗದಿಯಾದ ಮೊತ್ತವಿತ್ತು. ವ್ಯಾಪಾರದ ನಷ್ಟಕ್ಕೆ ಮಾತ್ರ ರುಜುವಾತು ಬೇಕಿತ್ತು.

ಇಲ್ಲಿಯೇ ಗಂಟು ಬಿದ್ದದ್ದು. ಪರದೇಶದವನು ಸ್ವಂತ ಹೆಸರಿನಲ್ಲಿ ವ್ಯಾಪಾರ ಮಾಡಲು ಅಲ್ಲಿನ ಕಾನೂನು ಅಡ್ಡಿಯಾಗಿದ್ದುದರಿಂದ ಎಷ್ಟೋ ಅಂಗಡಿಗಳ ಲೈಸೆನ್ಸ್ ಕುವೈತಿ ಪ್ರಜೆಯ ಹೆಸರಿನಲ್ಲಿತ್ತು. ಹಣವೂ ಬೆವರೂ ಇನ್ನೊಬ್ಬನದು. ಕಾಗದದಲ್ಲಿ ಹೆಸರಿದ್ದವನಿಗೆ ವರ್ಷಕ್ಕಿಷ್ಟು ಎಂದು ಬಾಡಿಗೆ. ಹೀಗಾಗಿ ಒಂದೇ ಅಂಗಡಿಯ ನಷ್ಟಕ್ಕೆ ಲೈಸೆನ್ಸಿನವನೂ ಅಂಗಡಿ ನಡೆಸಿದವನೂ ಪ್ರತ್ಯೇಕವಾಗಿ ಅರ್ಜಿ ಹಾಕಿದ ಪ್ರಕರಣಗಳು ಆಯೋಗದ ಮುಂದೆ ಬಂದವು. ಪಾಲುದಾರಿಕೆಯ ಪತ್ರ, ಬ್ಯಾಂಕಿನ ಲೆಕ್ಕ, ಸರಕಿನ ರಸೀದಿ ಉಳಿಸಿಕೊಂಡವನಿಗೆ ಮಾತು ಇತ್ತು. ಬಾಯಿಮಾತಿನ ಒಪ್ಪಂದವನ್ನು ನಂಬಿದವನು, ಅಂಗಡಿ ನನ್ನದೇ ಆಗಿತ್ತು ಎಂದು ಹೇಳಲು ಯಾವ ಸಾಕ್ಷಿ ತಂದಾನು?

ಕಾಲ ಬದಲಾಗಿದೆ, ನಿಜ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಮುಕ್ತ ವಲಯಗಳ ಹೊರಗೆ ಕಂಪನಿ ತೆರೆಯಬೇಕಾದರೆ ಶೇಕಡ 51 ಪಾಲು ಸ್ಥಳೀಯರದ್ದಾಗಿರಬೇಕು ಎಂಬ ನಿಯಮವಿತ್ತು. 2021ರ ಜೂನ್‌ನಿಂದ, ಆಯಕಟ್ಟಿನ ಕೆಲವು ವ್ಯವಹಾರಗಳನ್ನು ಬಿಟ್ಟು, ವಿದೇಶೀಯರೇ ಪೂರ್ಣ ಒಡೆತನ ಹೊಂದಲು ಅವಕಾಶವಾಗಿದೆ. ಆದ್ದರಿಂದ ದುಬೈಯಲ್ಲಿ ಇನ್ನೂ ಯಾರಾದರೂ ‘ಹೆಸರು ನಮ್ಮದಿರಲಿ, ವ್ಯಾಪಾರ ನಿಮ್ಮದು’ ಎಂದರೆ, ಏಕೆ ಎಂದು ಕೇಳಬೇಕು. ಸೌದಿ ಅರೇಬಿಯದಲ್ಲಂತೂ ಇಂಥ ಮರೆಮಾಚಿದ ವ್ಯಾಪಾರಕ್ಕೆ ತಸತ್ತುರ್ ಎಂದೇ ಹೆಸರು. 2020ರ ಕಾಯಿದೆಯ ಪ್ರಕಾರ ಐದು ವರ್ಷದವರೆಗೆ ಸೆರೆಮನೆ. ಹೆಸರು ಕೊಟ್ಟವನೂ ಅಪರಾಧಿ, ಪಡೆದವನೂ ಅಪರಾಧಿ.

ಸರಕಿನ ಮಾತು ಇಷ್ಟು ತೊಡಕಿನದಲ್ಲ, ಆದರೆ ಅಲ್ಲಿಯೂ ಕಾಗದವೇ ಒಡೆಯ. ಬಬ್ಬೂರಿನ ಹಣ್ಣು ಕಡಲು ದಾಟಬೇಕಾದರೆ ರಫ್ತುದಾರನಿಗೆ ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಕೊಡುವ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು. ಹಣ್ಣು-ತರಕಾರಿಯಾದ್ದರಿಂದ ಅಪೆಡಾ ಸಂಸ್ಥೆಯ ನೋಂದಣಿ ಬೇಕು. ರೋಗ-ಕೀಟಗಳಿಲ್ಲವೆಂಬ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ತಂಪು ಕಂಟೇನರು ಹಡಗೇರಿದ ಮೇಲೆ ಹಡಗು ಕಂಪನಿ ಬಿಲ್ ಆಫ್ ಲೇಡಿಂಗ್ ಎಂಬ ಪತ್ರ ಕೊಡುತ್ತದೆ. ‘ಆರ್ಡರ್’ ಎಂದು ಬರೆದ ಮೂಲಪತ್ರವಾದರೆ, ಅದು ಯಾರ ಕೈಯಲ್ಲಿದೆಯೋ ಸರಕು ಅವರಿಗೇ ಸಲ್ಲುತ್ತದೆ. ಆದ್ದರಿಂದ ಆ ಪತ್ರವನ್ನು ಕೊಳ್ಳುವವನಿಗೆ ನೇರವಾಗಿ ಅಂಚೆಯಲ್ಲಿ ಹಾಕದೆ ಬ್ಯಾಂಕಿನ ಮೂಲಕವೇ ಕಳುಹಿಸಬೇಕು; ಅವನು ಹಣ ಕಟ್ಟಿದ ಮೇಲೆ ಬ್ಯಾಂಕು ಪತ್ರ ಕೊಡುತ್ತದೆ. ‘ಮಾರಾಟವಾದ ಮೇಲೆ ಬೆಲೆ ಹೇಳುತ್ತೇವೆ’ ಎನ್ನುವ ದಲ್ಲಾಳಿಗೆ ಹಣ್ಣು ಒಪ್ಪಿಸಿದವನು, ಅರ್ಧ ಕೊಳೆತಿತ್ತೆಂಬ ಉತ್ತರಕ್ಕೂ ಸಿದ್ಧನಿರಬೇಕು. ಕೊಳ್ಳುವವನು ಕೈಕೊಟ್ಟರೆ ನಷ್ಟದ ಬಹುಪಾಲನ್ನು ಭರಿಸುವ ವಿಮೆ, 1957ರಲ್ಲಿ ಆರಂಭವಾದ ಸರ್ಕಾರಿ ಸಂಸ್ಥೆ ಇ.ಸಿ.ಜಿ.ಸಿ.ಯಲ್ಲಿ ದೊರೆಯುತ್ತದೆ. ಅದರ ಕಂತನ್ನು ಉಳಿಸಲು ಹೋಗುವುದು ಜಾಣತನವೆಂದು ನಮಗೆ ತೋರುವುದಿಲ್ಲ.

ಇನ್ನು ಮನೆಯೊಳಗಿನ ಮಾತು. ಮಗನ ಮಳಿಗೆಗೆ ತಂದೆ ಜಮೀನು ಅಡವಿಟ್ಟು ಹಣ ಕೊಟ್ಟರೆ ಅದನ್ನೂ ಬರೆದಿಡಬೇಕು: ಸಾಲವೋ, ಪಾಲೋ, ದಾನವೋ. ಸ್ವಂತ ಮಗನೊಡನೆ ಎಂಥ ಕಾಗದ ಎಂದು ನಮ್ಮ ಹಿರಿಯರು ನೊಂದುಕೊಳ್ಳುತ್ತಾರೆ. ಆದರೆ ಉಳಿದ ಮಕ್ಕಳಿಗೂ ಆ ಜಮೀನಿನಲ್ಲಿ ಪಾಲಿರುತ್ತದೆ, ಅವರಲ್ಲಿ ಹೆಣ್ಣುಮಕ್ಕಳೂ ಇರುತ್ತಾರೆ. ಅಡವಿನ ಪತ್ರಕ್ಕೆ ಸಹಿ ಬೀಳುವ ಮುನ್ನ ಅವರನ್ನೂ ಕೂಡಿಸಿ ಕೇಳಿರಿ.