ಘಾಟಿ ಇಳಿಯುವ ಮುನ್ನ: ಮನೆಯಲ್ಲೇ ಬ್ರೇಕ್ ಪ್ಯಾಡ್, ಡಿಸ್ಕ್ ಬದಲಾಯಿಸುವುದು ಹೇಗೆ?

ಹೊಸೂರು: ಬೆಂಗಳೂರಿನಿಂದ ಅತ್ತಿಬೆಲೆ ದಾಟಿ ಹೊಸೂರಿನವರೆಗೆ ರಾಷ್ಟ್ರೀಯ ಹೆದ್ದಾರಿ 44 ಹೆಚ್ಚುಕಡಿಮೆ ಸಮತಟ್ಟು. ಕಾರಿನ ಬ್ರೇಕಿಗೆ ನಿಜವಾದ ಪರೀಕ್ಷೆ ಶುರುವಾಗುವುದು ಅಲ್ಲಿಂದ ಮುಂದೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಹೊಸೂರಿನಿಂದ ಶೂಲಗಿರಿ, ಮೇಲುಮಲೈ ದಾಟಿ ಕೃಷ್ಣಗಿರಿ ಮುಟ್ಟುವಷ್ಟರಲ್ಲಿ ರಸ್ತೆ 300 ಮೀಟರಿಗೂ ಹೆಚ್ಚು ಕೆಳಗಿಳಿದಿರುತ್ತದೆ. ಡೆಂಕಣಿಕೋಟೆಯಿಂದ ಅಂಚೆಟ್ಟಿ ಮಾರ್ಗವಾಗಿ ಹೊಗೇನಕಲ್ಲಿಗೆ ಹೋಗುವವರಿಗೆ ತಿರುವುಗಳ ಘಾಟಿ, ಧರ್ಮಪುರಿ ದಾಟಿ ಸೇಲಂ ಕಡೆ ಹೊರಟವರಿಗೆ ಅಪಘಾತಗಳಿಗೆ ಹೆಸರಾದ ತೊಪ್ಪೂರು ಘಾಟಿ ಕಾದಿರುತ್ತವೆ.

ಒಂದು ಟನ್ ತೂಕದ ಕಾರು 300 ಮೀಟರ್ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 9 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ಇದರಲ್ಲಿ ಒಂದು ಪಾಲನ್ನು ಎಂಜಿನ್ ಮತ್ತು ಗಾಳಿಯ ತಡೆ ನುಂಗಿಕೊಳ್ಳುತ್ತವೆ. ಉಳಿದದ್ದೆಲ್ಲ ಬ್ರೇಕಿನ ಪ್ಯಾಡ್ ಮತ್ತು ಡಿಸ್ಕಿನಲ್ಲಿ ಶಾಖವಾಗಿ ಸೇರುತ್ತದೆ. ಸವೆದ ಪ್ಯಾಡ್, ತೆಳುವಾದ ಡಿಸ್ಕ್ ಈ ಶಾಖವನ್ನು ತಡೆದುಕೊಳ್ಳಲಾರವು.

ಹೊಸೂರಿಗೆ ವಾಹನಗಳ ಕೆಲಸ ಹೊಸದಲ್ಲ. 1980ರ ಆಸುಪಾಸಿನಲ್ಲಿ ಅಶೋಕ್ ಲೇಲ್ಯಾಂಡ್ ಮತ್ತು ಟಿವಿಎಸ್ ಕಾರ್ಖಾನೆಗಳು ಬಂದ ಮೇಲೆ ಸ್ಪ್ಯಾನರ್ ಹಿಡಿಯಲು ಬಲ್ಲವರು ಇಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಪ್ಯಾಡ್ ಮತ್ತು ಡಿಸ್ಕ್ ಬದಲಾವಣೆ ಅಂಥವರು ಮನೆಯ ಅಂಗಳದಲ್ಲೇ ಮಾಡಿಕೊಳ್ಳಬಹುದಾದ ಕೆಲಸ. ಆದರೆ ಇದಕ್ಕೊಂದು ಗೆರೆಯಿದೆ. ಬ್ರೇಕ್ ಆಯಿಲ್ ಹರಿಯುವ ಪೈಪನ್ನು ಬಿಚ್ಚದೆ ಮುಗಿಯುವಷ್ಟು ಮಾತ್ರ ಮನೆ ಕೆಲಸ. ಪೈಪ್ ಬಿಚ್ಚಬೇಕಾಗಿ ಬಂದರೆ ಅದು ಮೆಕ್ಯಾನಿಕ್ ಕೆಲಸ.

ಯಾವಾಗ ಬದಲಾಯಿಸಬೇಕು?

ನಮ್ಮ ರಸ್ತೆಗಳಲ್ಲಿ ಓಡುವ ಬಹುತೇಕ ಸಣ್ಣ ಕಾರುಗಳಿಗೆ ಮುಂದಿನ ಚಕ್ರಗಳಲ್ಲಿ ಡಿಸ್ಕ್, ಹಿಂದಿನ ಚಕ್ರಗಳಲ್ಲಿ ಡ್ರಮ್ ಬ್ರೇಕ್ ಇರುತ್ತದೆ. ಇಲ್ಲಿ ಹೇಳುತ್ತಿರುವುದು ಮುಂದಿನ ಡಿಸ್ಕಿನ ಮಾತು. ಚಕ್ರದೊಂದಿಗೆ ತಿರುಗುವ ಬೀಡು ಕಬ್ಬಿಣದ ತಟ್ಟೆಯೇ ಡಿಸ್ಕ್. ಅದನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವುದು ಪ್ಯಾಡ್. ಪ್ಯಾಡನ್ನು ಒತ್ತುವ ಪಿಸ್ಟನ್ ಇರುವ ಭಾಗ ಕ್ಯಾಲಿಪರ್.

ಹೊಸ ಪ್ಯಾಡಿನಲ್ಲಿ ಉಜ್ಜುವ ಪದರ ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸು ಇರುತ್ತದೆ. ಅದು 3 ಮಿ.ಮೀ.ಗೆ ಇಳಿದರೆ ಬದಲಾಯಿಸುವುದು ಕ್ಷೇಮ. ಅನೇಕ ಪ್ಯಾಡ್‌ಗಳಲ್ಲಿ ಒಂದು ಸಣ್ಣ ತಗಡಿನ ನಾಲಿಗೆ ಇರುತ್ತದೆ. ಪ್ಯಾಡ್ ಸವೆದಾಗ ಅದು ಡಿಸ್ಕಿಗೆ ತಾಗಿ 'ಕೀಚ್' ಎಂದು ಕೂಗುತ್ತದೆ. ಕೂಗು ನಿಂತು 'ಗರ ಗರ' ಶಬ್ದ ಶುರುವಾದರೆ ಕಬ್ಬಿಣಕ್ಕೆ ಕಬ್ಬಿಣವೇ ಉಜ್ಜುತ್ತಿದೆ ಎಂದರ್ಥ. ಆಮೇಲೆ ಕಾರು ಓಡಿಸಬಾರದು.

ಡಿಸ್ಕಿಗೂ ಆಯಸ್ಸಿದೆ. ಕನಿಷ್ಠ ಎಷ್ಟು ದಪ್ಪ ಇರಬೇಕು ಎಂಬುದನ್ನು ಡಿಸ್ಕಿನ ಅಂಚಿನಲ್ಲೋ ನಡುಭಾಗದಲ್ಲೋ ಕೊರೆದಿರುತ್ತಾರೆ. ಅದಕ್ಕಿಂತ ತೆಳುವಾಗಿದ್ದರೆ, ಬಿರುಕು ಬಿಟ್ಟಿದ್ದರೆ ಅಥವಾ ಬೆರಳಿನ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳಿದ್ದರೆ ಹೊಸದು ಹಾಕಬೇಕು. ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುತ್ತಿದ್ದರೂ ಡಿಸ್ಕಿನ ಮೇಲೆ ಅನುಮಾನ ಪಡಬೇಕು. ಪ್ಯಾಡ್ ಆಗಲಿ ಡಿಸ್ಕ್ ಆಗಲಿ, ಎಡ ಬಲ ಎರಡೂ ಚಕ್ರಕ್ಕೆ ಒಟ್ಟಿಗೇ ಬದಲಾಯಿಸುವುದು ನಿಯಮ. ಒಂದೇ ಕಡೆ ಹೊಸದಿದ್ದರೆ ಬ್ರೇಕ್ ಹಾಕಿದಾಗ ಕಾರು ಒಂದು ಬದಿಗೆ ಎಳೆಯಬಹುದು.

ಬೇಕಾಗುವ ಸಾಮಾನು

ಜಾಕಿ, ಕಾರನ್ನು ಹೊರುವ ಎರಡು ಕಬ್ಬಿಣದ ಸ್ಟ್ಯಾಂಡ್, ವೀಲ್ ಸ್ಪ್ಯಾನರ್, ಸಾಕೆಟ್ ಸೆಟ್, ಸಿ ಕ್ಲ್ಯಾಂಪ್, ತಂತಿಯ ಬ್ರಷ್, ಗಟ್ಟಿ ತಂತಿ, ಬ್ರೇಕ್ ಕ್ಲೀನರ್ ಸ್ಪ್ರೇ, ಬ್ರೇಕಿಗೆಂದೇ ಮಾಡಿದ ಸಿಲಿಕೋನ್ ಗ್ರೀಸ್, ಕೈಗವಸು. ಬೋಲ್ಟ್ ಎಷ್ಟು ಬಿಗಿಯಬೇಕು ಎಂದು ಅಳೆಯುವ ಟಾರ್ಕ್ ರೆಂಚ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಪರಿಚಯದ ಗ್ಯಾರೇಜಿನಿಂದ ಕೇಳಿ ತರಬಹುದು.

ಪ್ಯಾಡ್, ಡಿಸ್ಕ್ ಕೊಳ್ಳುವಾಗ ಕಾರಿನ ಮಾದರಿ ಮತ್ತು ತಯಾರಾದ ವರ್ಷ ಹೇಳಿ, ಮುಚ್ಚಿದ ಪೆಟ್ಟಿಗೆಯಲ್ಲಿ ಬಂದದ್ದನ್ನೇ ಬಿಲ್ ಸಮೇತ ಪಡೆಯಬೇಕು. ಹೊಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ. ಆದರೆ ಅರ್ಧ ಬೆಲೆಗೆ ಸಿಗುವ ಹೆಸರಿಲ್ಲದ ಪ್ಯಾಡ್ ಘಾಟಿಯಲ್ಲಿ ಕಾದಾಗ ಹಿಡಿತ ಬಿಟ್ಟರೆ ಉಳಿಸಿದ ಹಣ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಕೆಲಸದ ಕ್ರಮ

1. ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಾಕಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಸ್ವಲ್ಪ ಸಡಿಲಿಸಿ.

2. ಜಾಕಿಯಿಂದ ಎತ್ತಿ, ಕೂಡಲೇ ಕೆಳಗೆ ಸ್ಟ್ಯಾಂಡ್ ಇಡಿ. ಜಾಕಿ ಇರುವುದು ಎತ್ತಲು ಮಾತ್ರ, ಹೊತ್ತು ನಿಲ್ಲಲು ಅಲ್ಲ. ಇಟ್ಟಿಗೆ, ಹಾಲೋ ಬ್ಲಾಕ್ ಎಂದಿಗೂ ಬೇಡ. ಭಾರಕ್ಕೆ ಅವು ಮುನ್ಸೂಚನೆ ಇಲ್ಲದೆ ಒಡೆಯುತ್ತವೆ. ಕಳಚಿದ ಚಕ್ರವನ್ನು ಕಾರಿನ ಅಡಿಗೆ ಮಲಗಿಸಿಟ್ಟರೆ ಇನ್ನೊಂದು ರಕ್ಷೆ.

3. ಒಂದು ಬಾರಿಗೆ ಒಂದೇ ಚಕ್ರ ಬಿಚ್ಚಿ. ಯಾವುದು ಎಲ್ಲಿತ್ತು ಎಂಬ ಗೊಂದಲವಾದರೆ ಇನ್ನೊಂದು ಬದಿಯನ್ನು ನೋಡಿಕೊಳ್ಳಬಹುದು. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೆ ಇನ್ನೂ ಅನುಕೂಲ.

4. ಕ್ಯಾಲಿಪರಿನ ಹಿಂದಿನ ಬೋಲ್ಟ್ ಬಿಚ್ಚಿ ಅದನ್ನು ಮೇಲಕ್ಕೆತ್ತಿ. ಪೂರ್ತಿ ಕಳಚಿದರೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ ನೇತುಹಾಕಿ. ಬ್ರೇಕ್ ಹೋಸ್ ಮೇಲೆ ಅದರ ಭಾರ ಬೀಳಬಾರದು. ಹೋಸ್ ಒಳಗೊಳಗೇ ಹರಿದರೆ ಹೊರಗೆ ಗೊತ್ತಾಗುವುದಿಲ್ಲ.

5. ಹಳೆಯ ಪ್ಯಾಡ್ ತೆಗೆಯಿರಿ. ಅಲ್ಲಿರುವ ಕರಿ ಧೂಳನ್ನು ಊದಬೇಡಿ, ಗಾಳಿ ಹೊಡೆಯಬೇಡಿ. ಹಳೆಯ ಕಾಲದ ಪ್ಯಾಡ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ಈಗಿನ ಧೂಳೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಸ್ಪ್ರೇಯಿಂದ ತೋಯಿಸಿ ಬಟ್ಟೆಯಲ್ಲಿ ಒರೆಸಿ.

6. ಡಿಸ್ಕ್ ತೆಗೆಯಲು ಕ್ಯಾಲಿಪರ್ ಕೂರುವ ಬ್ರಾಕೆಟ್ಟಿನ ಎರಡು ದಪ್ಪ ಬೋಲ್ಟ್ ಬಿಚ್ಚಬೇಕು. ಡಿಸ್ಕ್ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ, ಅದರಲ್ಲಿ ಮರೆಯಿರುವ ಎರಡು ತೂತುಗಳಿದ್ದಲ್ಲಿ ಸರಿಯಾದ ಅಳತೆಯ ಬೋಲ್ಟ್ ಹಾಕಿ ಸಮವಾಗಿ ತಿರುಗಿಸಿದರೆ ತಾನಾಗಿ ಹೊರಬರುತ್ತದೆ.

7. ಡಿಸ್ಕ್ ಕೂರುವ ಹಬ್ಬಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಪೂರ್ತಿ ಉಜ್ಜಿ. ಅಲ್ಲಿ ಒಂದು ಚೂರು ತುಕ್ಕು ಉಳಿದರೂ ಹೊಸ ಡಿಸ್ಕ್ ಓರೆಯಾಗಿ ಕೂತು, ಕೆಲವೇ ತಿಂಗಳಲ್ಲಿ ಸ್ಟೀರಿಂಗ್ ನಡುಗಲು ಶುರುವಾಗುತ್ತದೆ. ಹೊಸ ಡಿಸ್ಕಿಗೆ ತುಕ್ಕು ತಡೆಯಲು ಎಣ್ಣೆ ಸವರಿದ್ದರೆ ಅದನ್ನು ಕ್ಲೀನರಿನಿಂದ ತೊಳೆದೇ ಹಾಕಬೇಕು.

8. ಹೊಸ ಪ್ಯಾಡ್ ದಪ್ಪವಿರುವುದರಿಂದ ಪಿಸ್ಟನ್ನನ್ನು ಒಳಕ್ಕೆ ತಳ್ಳಬೇಕು. ಹಳೆಯ ಪ್ಯಾಡ್ ಅಡ್ಡ ಕೊಟ್ಟು ಸಿ ಕ್ಲ್ಯಾಂಪಿನಿಂದ ನಿಧಾನವಾಗಿ ಒತ್ತಿ. ಆಗ ಬಾನೆಟ್ ಒಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ, ಉಕ್ಕದಂತೆ ಗಮನಿಸಿ. ಪೇಂಟಿನ ಮೇಲೆ ಬಿದ್ದರೆ ಬಣ್ಣ ಕಿತ್ತುಬರುತ್ತದೆ, ತಕ್ಷಣ ನೀರು ಹಾಕಿ ತೊಳೆಯಿರಿ.

9. ಕ್ಯಾಲಿಪರ್ ಜಾರುವ ಪಿನ್‌ಗಳಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ. ಪ್ಯಾಡಿನ ಉಜ್ಜುವ ಮುಖಕ್ಕೆ, ಡಿಸ್ಕಿಗೆ ಗ್ರೀಸ್ ಸೋಕಲೇಬಾರದು. ಎಲ್ಲವನ್ನೂ ಮರಳಿ ಜೋಡಿಸಿ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಯಿರಿ.

ಮರೆತರೆ ಅಪಾಯ

ಎರಡೂ ಚಕ್ರ ಮುಗಿದು ಕಾರು ಕೆಳಗಿಳಿದ ಮೇಲೆ ಅನೇಕರು ಮರೆಯುವ ಒಂದು ಕೆಲಸವಿದೆ. ಪಿಸ್ಟನ್ ಒಳಗೆ ಹೋಗಿರುವುದರಿಂದ ಮೊದಲ ಸಲ ಬ್ರೇಕ್ ಒತ್ತಿದರೆ ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಆದ್ದರಿಂದ ಗೇರ್ ಹಾಕುವ ಮೊದಲು, ನಿಂತಲ್ಲೇ ಪೆಡಲನ್ನು ಹತ್ತಾರು ಬಾರಿ ನಿಧಾನವಾಗಿ ಒತ್ತಿ ಅದು ಗಟ್ಟಿಯಾಗುವವರೆಗೆ ಕಾಯಬೇಕು. ಆಮೇಲೆ ಆಯಿಲ್ ಮಟ್ಟ ನೋಡಿ, ಚಕ್ರದ ಒಳಬದಿಯಲ್ಲಿ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಹೊಸ ಪ್ಯಾಡಿಗೂ ಹೊಸ ಡಿಸ್ಕಿಗೂ ಹೊಂದಾಣಿಕೆ ಆಗಲು ಸಮಯ ಬೇಕು. ಬೆಳಗಿನ ಹೊತ್ತು ವಾಹನಗಳಿಲ್ಲದ ನೇರ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10 ಕಿ.ಮೀ.ಗೆ ಹದವಾಗಿ ಇಳಿಸುವುದನ್ನು ಎಂಟು ಹತ್ತು ಸಲ ಮಾಡಿ, ನಡುನಡುವೆ ಬ್ರೇಕ್ ತಣಿಯಲು ಬಿಡಬೇಕು. ಪ್ಯಾಡ್ ತಯಾರಕರು ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಬೇಕು. ಮೊದಲ 200 - 300 ಕಿ.ಮೀ. ಜೋರಾಗಿ ಬ್ರೇಕ್ ಹಾಕುವ ಪ್ರಸಂಗ ಬಾರದಂತೆ ನೋಡಿಕೊಂಡರೆ ಒಳಿತು. ಭಾನುವಾರ ಪ್ಯಾಡ್ ಹಾಕಿ ಸೋಮವಾರವೇ ಸಂಸಾರ ಸಮೇತ ಹೊಗೇನಕಲ್ಲಿಗೆ ಹೊರಡುವುದು ಬೇಡ.

ಮೆಕ್ಯಾನಿಕ್ ಬಳಿ ಹೋಗಬೇಕಾದದ್ದು

ಪಿಸ್ಟನ್ ಒಳಗೆ ಹೋಗದೆ ಹಟ ಹಿಡಿದರೆ, ಅದರ ಸುತ್ತಲಿನ ರಬ್ಬರ್ ಹರಿದಿದ್ದರೆ, ಹೋಸ್ ಬಿರಿದಿದ್ದರೆ, ಎಷ್ಟು ಒತ್ತಿದರೂ ಪೆಡಲ್ ಮೆತ್ತಗೇ ಉಳಿದರೆ, ಎಬಿಎಸ್ ದೀಪ ಉರಿಯುತ್ತಿದ್ದರೆ ಕೈ ಹಾಕಬೇಡಿ. ಅಂಥ ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗುವುದೂ ತಪ್ಪು, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಬೇಕು. ಹಿಂದಿನ ಚಕ್ರಕ್ಕೂ ಡಿಸ್ಕ್ ಇದ್ದು, ಗುಂಡಿ ಒತ್ತಿ ಹಾಕುವ ಹ್ಯಾಂಡ್ ಬ್ರೇಕ್ ಇರುವ ಕಾರುಗಳಿಗೆ ಬೇರೆಯದೇ ವಿಧಾನ ಬೇಕು, ಅದೂ ಮನೆ ಕೆಲಸವಲ್ಲ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಸೇರಿದ ಮೇಲೆ ಅದು 140 ಡಿಗ್ರಿಗೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಟೊಳ್ಳಾಗುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಗ್ಯಾರೇಜಿನಲ್ಲಿ ಆಯಿಲ್ ಬದಲಿಸುವುದು ಲೇಸು.

ಇನ್ನು ಪ್ಯಾಡ್ ಎಷ್ಟೇ ಹೊಸದಿರಲಿ, ಮೇಲುಮಲೈ ಇಳಿಜಾರಿನಲ್ಲಾಗಲಿ ತೊಪ್ಪೂರಿನಲ್ಲಾಗಲಿ ಕಾಲನ್ನು ಬ್ರೇಕಿನ ಮೇಲೇ ಇಟ್ಟು ಇಳಿಯುವ ಅಭ್ಯಾಸ ಬಿಡಬೇಕು. ಎರಡನೇ ಅಥವಾ ಮೂರನೇ ಗೇರಿನಲ್ಲಿ ಎಂಜಿನ್ ಹಿಡಿತದಲ್ಲೇ ಇಳಿದು, ಬೇಕಾದಾಗ ಮಾತ್ರ ಬ್ರೇಕ್ ಒತ್ತಿ ಬಿಡಬೇಕು. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವವರು ಆ 9 ಲೀಟರ್ ನೀರಿನ ಲೆಕ್ಕವನ್ನು ಒಮ್ಮೆ ನೆನೆಸಿಕೊಂಡರೆ ಸಾಕು.