ಚಿತ್ರವಿಲ್ಲದ ಕಲ್ಪನೆ

ಚಿತ್ರಕಾರನಾದವನು ಮೊದಲು ಕಣ್ಣು ಮುಚ್ಚಿ ಚಿತ್ತಭಿತ್ತಿಯಲ್ಲಿ ಪರಿಪೂರ್ಣವಾಗಿ ಮೂಡಿದ ರೂಪವನ್ನು ಕಂಡು, ತರುವಾಯ ಅದನ್ನೇ ಕಾಗದಕ್ಕೆ ಇಳಿಸುತ್ತಾನೆಂಬುದೂ, ಒಳಗೆ ಏನನ್ನೂ ಕಾಣದವನಿಗೆ ಕಲೆಯ ಗೊಡವೆ ಸಲ್ಲದೆಂಬುದೂ ಬಹುಜನರ ನಂಬಿಕೆ. ಇದನ್ನು ಸುಳ್ಳಾಗಿಸುವ ಸಾಕ್ಷ್ಯವು ವೈಟ್‌ಫೀಲ್ಡಿನ ಆನಿಮೇಷನ್ ಕಲಾವಿದರ ಕಂಪ್ಯೂಟರುಗಳಲ್ಲಿಯೇ ಅಡಗಿರುವುದು ಸ್ವಾರಸ್ಯದ ಸಂಗತಿ. ಮೂರು ಆಯಾಮದ ಮುಖವೊಂದರ ಒರಟು ಅಂಚುಗಳನ್ನು ನಯಗೊಳಿಸಲು ಅವರು ಬಳಸುವ ವಿಧಾನವನ್ನು 1978ರಲ್ಲಿ ಜಿಮ್ ಕ್ಲಾರ್ಕ್ ಅವರೊಡನೆ ರೂಪಿಸಿದ, ಮುಂದೆ ಪಿಕ್ಸಾರ್ ಸಂಸ್ಥೆಯ ಅಧ್ಯಕ್ಷರಾದ ಎಡ್ ಕ್ಯಾಟ್ಮಲ್ ಅವರ ಮನಸ್ಸಿನಲ್ಲಿ ಯಾವ ಚಿತ್ರವೂ ಮೂಡದು! ‘ದಿ ಲಿಟ್ಲ್ ಮರ್ಮೇಡ್’ ಚಿತ್ರದ ಏರಿಯಲ್‌ಳಿಗೆ ರೂಪು ಕೊಟ್ಟ ಗ್ಲೆನ್ ಕೀನ್ ಅವರದೂ ಅದೇ ಸ್ಥಿತಿ. ಗೀಚುತ್ತ ಗೀಚುತ್ತಲೇ ಗೆರೆಗಳ ನಡುವೆ ಆಕೃತಿಯನ್ನು ಅರಸಿಕೊಳ್ಳುವವರು ಅವರು.

1880ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಗುರುತಿಸಿದ್ದ ಈ ಲಕ್ಷಣಕ್ಕೆ ‘ಅಫ್ಯಾಂಟೇಸಿಯಾ’ ಎಂದು 2015ರಲ್ಲಿ ಹೆಸರಿಟ್ಟವರು ಎಕ್ಸೆಟರಿನ ಆಡಂ ಜೆಮನ್. ನೂರಕ್ಕೆ ಸುಮಾರು ಒಬ್ಬರಲ್ಲಿರುವ ಇದು ರೋಗವಲ್ಲ.

ಮನಸ್ಸಿಟ್ಟು ಪ್ರಯತ್ನಿಸದ ಕಾರಣದಿಂದಲೇ ಚಿತ್ರ ಮೂಡುವುದಿಲ್ಲವೆಂದು ಗದರುವ ಗುರುಗಳೂ ಉಂಟು. ಬೆಳಕಿನ ಆಕೃತಿಯನ್ನು ಭಾವಿಸಿಕೊಂಡಾಗ ಇತರರ ಕಣ್ಪಾಪೆ ಕಿರಿದಾಗುವುದೆಂದೂ, ಅಫ್ಯಾಂಟೇಸಿಯಾ ಉಳ್ಳವರಲ್ಲಿ ಹಾಗಾಗದೆಂದೂ 2022ರ ಪ್ರಯೋಗವೊಂದು ತೋರಿಸಿತು. ಆದರೆ ಒಂದರ ಬದಲು ನಾಲ್ಕು ಆಕೃತಿಗಳನ್ನು ಭಾವಿಸಲು ಹೇಳಿದಾಗ, ಮನಸ್ಸಿನ ಶ್ರಮದ ಕುರುಹಾಗಿ ಇವರ ಕಣ್ಪಾಪೆಯೂ ಹಿಗ್ಗಿತು. ಗದರಿಕೆಗೆ ಇದಕ್ಕಿಂತ ನೇರವಾದ ಉತ್ತರವನ್ನು ನಾನು ಕಾಣೆ.

ಚಿತ್ರವಿಲ್ಲದವನಿಗೆ ಜ್ಞಾಪಕವೂ ಇಲ್ಲವೆಂಬ ಮಾತು ಅರ್ಧಸತ್ಯ. ಕೋಣೆಗಳ ಛಾಯಾಚಿತ್ರಗಳನ್ನು ತೋರಿಸಿ, ನೆನಪಿನಿಂದ ಬರೆಯಿಸಿದ ವಿಲ್ಮಾ ಬೇನ್‌ಬ್ರಿಜ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಅಫ್ಯಾಂಟೇಸಿಯಾ ಉಳ್ಳವರು ಬರೆದ ವಸ್ತುಗಳೂ ಬಣ್ಣಗಳೂ ಕಡಮೆಯೇ. ಆದರೆ ಯಾವುದು ಎಲ್ಲಿ, ಎಷ್ಟು ದೊಡ್ಡದು ಎಂಬುದರಲ್ಲಿ ಅವರು ಹಿಂದೆ ಬೀಳಲಿಲ್ಲ, ಇಲ್ಲದ ವಸ್ತುವನ್ನು ಸೇರಿಸಿದ್ದು ಇತರರಿಗಿಂತ ವಿರಳ. ಸ್ಥಾನ ಮತ್ತು ಅಳತೆಗಳೇ ಸರ್ವಸ್ವವಾಗಿರುವ ಪೀಣ್ಯದ ಟೂಲ್‌ರೂಮುಗಳಲ್ಲಿ ಅಚ್ಚಿನ ವಿನ್ಯಾಸ ಮಾಡುವವನಿಗೆ ಇದು ಅಲ್ಪ ಬಂಡವಾಳವೇನಲ್ಲ.

ಇಂಥವರು ಆಧಾರಚಿತ್ರಗಳನ್ನು ಎದುರಿಗಿಟ್ಟುಕೊಳ್ಳುವುದನ್ನು ಚೌರ್ಯವೆಂದು ಬಗೆಯಬಾರದು. ಅವರ ಚಿಂತನೆ ನಡೆಯುವುದು ಅಲ್ಲಿಯೇ, ಕಣ್ಣು ತೆರೆದು. ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ಧ್ಯಾನ ಹೇಳಿಕೊಡುವವರೂ, ಕಡಲತೀರವನ್ನು ಕಣ್ಮುಂದೆ ತಂದುಕೊಳ್ಳಿರೆಂದು ಎಲ್ಲರಿಗೂ ಅಪ್ಪಣೆ ಮಾಡುವ ಬದಲು, ಉಸಿರನ್ನು ಎಣಿಸುವ ದಾರಿಯನ್ನೋ ನಾಮಜಪವನ್ನೋ ಸೂಚಿಸಿದರೆ ಯಾರೂ ಹೊರಗುಳಿಯಬೇಕಾಗಿಲ್ಲ.