ಮಾಯೆಯ ಹಿಂದಣ ಹೆಸರು

ಬಸವನ ಬಾಗೇವಾಡಿ ಸೀಮೆಯ ಕೊಲ್ಹಾರದವರಿಗೆ ಊರುಗಳು ಎರಡು. ಒಂದು, ಈಗ ವಾಸವಾಗಿರುವ ಹೊಸ ಕೊಲ್ಹಾರ. ಇನ್ನೊಂದು, ಆಲಮಟ್ಟಿಯ ಹಿನ್ನೀರಿಗೆ ಸಂದುಹೋದ ಕೃಷ್ಣೆಯ ದಂಡೆಯ ಹಳೆಯ ಕೊಲ್ಹಾರ. 1964ರಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಶಂಕುಸ್ಥಾಪನೆಯಾಯಿತು. ಕಾಲಕ್ರಮದಲ್ಲಿ ನೀರು ಏರಿತು, ಜನ ಮೇಲಕ್ಕೆ ಬಂದರು. ಮಣ್ಣಿನ ಗಡಿಗೆಯ ಮೊಸರಿನ ಹೆಸರು ಅವರೊಡನೆ ಹೊಸ ಊರಿಗೂ ಬಂದಿತು. ಮುಳುಗಿದ್ದು ಇಲ್ಲವಾದದ್ದಲ್ಲ ಎಂಬುದನ್ನು ಆ ಊರಿನವರಿಗೆ ಯಾರೂ ವಿವರಿಸಬೇಕಾಗಿಲ್ಲ. ಈ ಹೊತ್ತಿನ ನನ್ನ ವಿಷಯವೂ ಮುಳುಗಿದ ಪೂರ್ವವೊಂದನ್ನು ಕುರಿತದ್ದು. ಆ ಪೂರ್ವ ಮಾತ್ರ ಊರಿನದಲ್ಲ, ಒಂದು ಪಾತ್ರದ್ದು: ಗಂಡಸರನ್ನು ಮರುಳುಗೊಳಿಸುವ ಮಾಯಾಂಗನೆಯದು.

ಮಧ್ಯಯುಗದ ಯುರೋಪಿನ ಜನ ‘ಸಕ್ಯುಬಸ್’ ಎಂಬ ಹೆಣ್ಣುಪಿಶಾಚಿಯನ್ನು ನಂಬಿದ್ದರು. ಅವಳು ಇರುಳಲ್ಲಿ ಬಂದು ಮಲಗಿದ ಗಂಡಸನ್ನು ಕೂಡಿ ಅವನ ಸತ್ವವನ್ನು ಹೀರುವಳು. ಅವಳ ಕಥೆಯನ್ನು ಹೇಳಿದವರೆಲ್ಲ ಅವಳಿಗೆ ಹೆದರಿದವರು. ಆದ್ದರಿಂದ ಅವಳು ಯಾರು, ಎಲ್ಲಿಂದ ಬಂದಳು ಎಂಬ ಪ್ರಶ್ನೆ ಹುಟ್ಟಲೇ ಇಲ್ಲ. ಆ ಪ್ರಶ್ನೆಯನ್ನು ಕೇಳಿದ್ದು ಇತ್ತೀಚಿನ ಕಾದಂಬರಿ. ಅಮೆರಿಕದ ಲೇಖಕಿ ರಿಶೆಲ್ ಮೀಡ್ 2007ರಲ್ಲಿ ‘ಸಕ್ಯುಬಸ್ ಬ್ಲೂಸ್’ ಎಂಬ ಕೃತಿಯಿಂದ ತೊಡಗಿ 2011ರವರೆಗೆ ಆರು ಸಂಪುಟಗಳನ್ನು ಬರೆದರು. ಅವುಗಳ ನಾಯಕಿ ಜಾರ್ಜಿನಾ, ಸಿಯಾಟಲ್ ನಗರದ ಪುಸ್ತಕದಂಗಡಿಯೊಂದರಲ್ಲಿ ಕೆಲಸ ಮಾಡುವ ಸಕ್ಯುಬಸ್. ಶತಮಾನಗಳ ಹಿಂದೆ ಸೈಪ್ರಸ್ ದ್ವೀಪದಲ್ಲಿ ಅವಳು ಲೀಥಾ ಎಂಬ ಸಾಮಾನ್ಯ ಗೃಹಿಣಿ. ಗಂಡನಿಗೆ ದ್ರೋಹವೆಸಗಿದಳು, ಅವನ ದುಃಖವನ್ನು ನೋಡಲಾರದೆ, ಬಲ್ಲವರೆಲ್ಲರೂ ತನ್ನನ್ನು ಮರೆತುಬಿಡಲೆಂದು ಬೇಡಿ, ಅದಕ್ಕೆ ಬೆಲೆಯಾಗಿ ತನ್ನ ಆತ್ಮವನ್ನೇ ಮಾರಿದಳು. ಎಲ್ಲರೂ ಮರೆತರು, ಅವಳೊಬ್ಬಳು ಮರೆಯಲಿಲ್ಲ. ಕೊನೆಯಲ್ಲಿ, ತಾನು ಈಗ ಪ್ರೀತಿಸುತ್ತಿರುವ ಬರಹಗಾರನೇ ಅಂದಿನ ಗಂಡನ ಮರುಹುಟ್ಟು ಎಂಬುದು ಅವಳಿಗೆ ತಿಳಿಯುತ್ತದೆ. ಜನರ ಮೆಚ್ಚುಗೆಗಾಗಿ ಬರೆದ ರಂಜನೆಯ ಕೃತಿಗಳಿವು. ಆದರೂ ಒಳಗಿನ ಪ್ರಶ್ನೆ ಹಗುರವಾದದ್ದಲ್ಲ.

ನಮ್ಮಲ್ಲಿ ಈ ಪ್ರಶ್ನೆ ಹೊಸದೇ? ನಮ್ಮ ಹಳ್ಳಿಗಳ ಮೋಹಿನಿಯನ್ನು ನೆನೆಯಿರಿ. ಅವಳು ಬಹುಮಟ್ಟಿಗೆ ಆಸೆ ತೀರದೆ, ಅಕಾಲದಲ್ಲಿ ಸತ್ತ ಹೆಣ್ಣು. ಅಂದರೆ ಅವಳ ಕಥೆಯ ಬುಡದಲ್ಲಿಯೇ ಒಂದು ಹಿಂದಣ ಬದುಕಿದೆ. ಆದರೆ ಕೇಳುವವರಿಗೆ ಬೇಕಾದದ್ದು ಅವಳನ್ನು ಓಡಿಸುವ ಉಪಾಯ ಮಾತ್ರ.

ಶಿಷ್ಟಕಾವ್ಯದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಒಂದು ನಿದರ್ಶನವುಂಟು. ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿ ಬಳ್ಳಿಗಾವೆಯ ಮದ್ದಳೆಗಾರ ಅಲ್ಲಮ ಕಾಮಲತೆಯೆಂಬ ಹೆಣ್ಣನ್ನು ಒಲಿದು ಕೂಡುತ್ತಾನೆ. ಜ್ವರ ಬಂದು ಅವಳು ತೀರಿಕೊಳ್ಳುತ್ತಾಳೆ. ವಿರಹದಿಂದ ಬೆಂದು ಅಲೆಯುವ ಅಲ್ಲಮನ ಕಣ್ಣಿಗೆ ನೆಲದಲ್ಲಿ ಹೂತಿದ್ದ ಗುಡಿಯ ಕಳಸ ಬೀಳುತ್ತದೆ. ಅದರೊಳಗೆ ಅನಿಮಿಷಯ್ಯ ದೊರೆಯುತ್ತಾನೆ. ಇಲ್ಲಿ ಹೆಣ್ಣು ಶತ್ರುವಲ್ಲ. ಅವಳ ಸಾವಿನ ನೋವೇ ಅರಿವಿನ ಬಾಗಿಲು.

ಸುಮಾರು ಎರಡು ಶತಮಾನಗಳ ಅನಂತರ, ಪ್ರೌಢದೇವರಾಯನ ಕಾಲದ ಚಾಮರಸ ‘ಪ್ರಭುಲಿಂಗಲೀಲೆ’ಯನ್ನು ರಚಿಸಿದಾಗ ಈ ಕಾಮಲತೆ ಮರೆಯಾಗುತ್ತಾಳೆ. ಅವಳ ಎಡೆಯಲ್ಲಿ ಮಾಯೆ ನಿಲ್ಲುತ್ತಾಳೆ. ಅಲ್ಲಮನನ್ನು ಗೆಲ್ಲುವೆನೆಂಬ ಪಂತದಿಂದ ಪಾರ್ವತಿ ತನ್ನ ತಾಮಸಕಳೆಯನ್ನು ಬನವಸೆಯ ಮಮಕಾರರಾಜನ ಮಗಳಾಗಿ ಹುಟ್ಟಿಸುತ್ತಾಳೆ. ಮಾಯೆ ಅಲ್ಲಮನ ಮದ್ದಳೆಗೆ ಕುಣಿಯುತ್ತಾಳೆ, ಅವನಿಗಾಗಿ ಕಾತರಿಸುತ್ತಾಳೆ. ತಬ್ಬಲು ಹೋದರೆ ತೋಳಿಗೆ ಬಯಲಷ್ಟೇ ದೊರೆಯುತ್ತದೆ. ಸೋತವಳು ಕೈಲಾಸಕ್ಕೆ ಮರಳುತ್ತಾಳೆ.

ಒಲಿದ ಹೆಣ್ಣು ಕಾಡುವ ಮಾಯೆಯಾದ ಈ ಬದಲಾವಣೆಗೆ ತಾತ್ತ್ವಿಕ ಕಾರಣವಿದೆ. ಅಲ್ಲಮ ಹುಟ್ಟಿನಿಂದಲೇ ನಿರ್ಲಿಪ್ತನೆಂದು ತೋರಿಸುವುದು ಚಾಮರಸನ ಉದ್ದೇಶ. ಒಲಿದು ಅತ್ತ ಅಲ್ಲಮ ಅವನಿಗೆ ಒಗ್ಗುವುದಿಲ್ಲ. ಆದರೆ ಗಂಡಿನ ಪೂರ್ವವನ್ನು ಶುಭ್ರಗೊಳಿಸಿದ್ದರ ಬೆಲೆಯನ್ನು ತೆತ್ತವಳು ಹೆಣ್ಣು. ಹೆಣ್ಣು ಮಾಯೆಯಲ್ಲ, ಮನಸ್ಸಿನ ಆಸೆಯೇ ಮಾಯೆ ಎಂಬುದು ವಚನಕಾರ ಅಲ್ಲಮನ ನಿಲುವಾಗಿತ್ತೆಂಬುದನ್ನು ನೆನೆದರೆ ಇದರ ವಿಪರ್ಯಾಸ ಇನ್ನಷ್ಟು ತಿಳಿಯಾಗುತ್ತದೆ. ಚಾಮರಸನಿಗೂ ಈ ಕೊರತೆ ಹೊಳೆದಿತ್ತೋ ಏನೋ. ಅದೇ ಪಾರ್ವತಿಯ ಸಾತ್ವಿಕಕಳೆ ಉಡುತಡಿಯಲ್ಲಿ ಮಹಾದೇವಿಯಾಗಿ ಹುಟ್ಟುತ್ತದೆಂದು ಅವನು ಹೇಳುತ್ತಾನೆ. ಹಾಗಾದರೆ ಮಾಯೆಯೂ ಅಕ್ಕನೂ ಒಂದೇ ಮೂಲದವರು! ಆದರೆ ಕಾವ್ಯದಲ್ಲಿ ಅವರಿಬ್ಬರೂ ಮುಖಾಮುಖಿಯಾಗುವುದಿಲ್ಲ.

ಕನ್ನಡದಲ್ಲಿ ಇಂಥ ಕಾದಂಬರಿಯನ್ನು ಬರೆಯಹೊರಟವರಿಗೆ ಹೊರಗಿನ ಪಿಶಾಚಿಯನ್ನು ಕರೆತರುವ ಅಗತ್ಯವಿಲ್ಲ. ಮಾಯೆ ಒಂದು ದಿನ ಕಾಮಲತೆಯನ್ನು ಕಾಣಲಿ. ‘ನಾನು ಕಾಡಲು ಹುಟ್ಟಿದವಳಲ್ಲ, ಒಲಿದು ಸತ್ತವಳು’ ಎಂದು ಅರಿಯಲಿ. ಈ ಅರಿವಿನಿಂದ ಅವಳ ಕೃತ್ಯಗಳು ಅಳಿಯುವುದಿಲ್ಲ. ಲೀಥಾಳ ಕಥೆ ಹೇಳುವುದೂ ಅದನ್ನೇ: ಪರರ ನೆನಪನ್ನು ಅಳಿಸಿದರೂ ತಪ್ಪು ಅಳಿಯದು. ಪೂರ್ವವನ್ನು ಎದುರಿಸುವುದೆಂದರೆ ಕ್ಷಮೆಯನ್ನು ಪಡೆಯುವುದಲ್ಲ. ತನ್ನ ಮೊದಲ ಹೆಸರಿಗೆ ಓಗೊಡುವುದು.

ಹಳೆಯ ಕೊಲ್ಹಾರ ಮರಳಿ ಬಾರದು. ಆದರೂ ಹೊಸ ಊರು ಆ ಹೆಸರನ್ನು ಬಿಟ್ಟಿಲ್ಲ. ಮಾಯೆಗೂ ಅವಳ ಹಳೆಯ ಹೆಸರನ್ನು ಹಿಂತಿರುಗಿಸುವ ಲೇಖಕರು ನಮ್ಮಲ್ಲಿ ಬರಬೇಕಾಗಿದೆ.